ಎಚ್‌ಡಿಆರ್ ಹಾಕಿದರೆ ಗೇಮ್ ಬಿಳಿಚಿಕೊಳ್ಳುತ್ತದೆ: ಸರಿ ಮಾಡಬೇಕಾದ್ದು ಟಿವಿಯಲ್ಲೋ, ಕನ್ಸೋಲ್‌ನಲ್ಲೋ?

ಮಿಂಚುಹುಳ:

ಕನ್ಸೋಲ್ ಪ್ಲೇಸ್ಟೇಷನ್ 5. ಟಿವಿ 4ಕೆ ಓಎಲ್‌ಇಡಿ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆ), ಸಣ್ಣ ಹೊಳಪಿನ ಭಾಗಗಳಲ್ಲಿ ಸುಮಾರು 800 ನಿಟ್ಸ್ (ಹೊಳಪಿನ ಅಳತೆ) ಮುಟ್ಟುವಂಥದ್ದು. ಕನ್ಸೋಲ್‌ನಲ್ಲಿ ಎಚ್‌ಡಿಆರ್ (ಕಪ್ಪಿಗೂ ಹೊಳಪಿಗೂ ನಡುವಿನ ಅಂತರ ಹೆಚ್ಚಿಸಿ ತೋರಿಸುವ ವಿಧಾನ) 'ಆಲ್ವೇಸ್ ಆನ್' ಇದೆ. ಟಿವಿಯಲ್ಲಿ ಗೇಮ್ ಮೋಡ್ ಇದೆ, ಡೈನಾಮಿಕ್ ಟೋನ್ ಮ್ಯಾಪಿಂಗ್ ಆನ್ ಇದೆ.

ಕಾಣುತ್ತಿರುವುದು ಹೀಗೆ. ಕನ್ಸೋಲ್‌ನ 'ಅಡ್ಜಸ್ಟ್ ಎಚ್‌ಡಿಆರ್' ಪುಟದಲ್ಲಿ ಮೊದಲ ಎರಡು ಪರದೆಗಳ ಗುರುತು ಎಷ್ಟು ಒತ್ತಿದರೂ ಮಾಯವಾಗುವುದೇ ಇಲ್ಲ, ಕೊನೆಯವರೆಗೂ ಮಸುಕಾಗಿ ಉಳಿಯುತ್ತದೆ. ಗೇಮ್‌ನಲ್ಲಿ ಹಗಲಿನ ಆಕಾಶದ ಮೋಡಗಳೆಲ್ಲ ಸೇರಿ ಒಂದೇ ಬಿಳಿ ತೇಪೆಯಾಗುತ್ತವೆ. ಮೆನು ತೆರೆದು ಮುಚ್ಚಿದರೆ ಹಿಂದಿನ ದೃಶ್ಯದ ಬೆಳಕು ಏರಿಳಿಯುತ್ತದೆ. ಎಚ್‌ಡಿಆರ್ ಇಲ್ಲದ ಹಳೆಯ ಗೇಮ್‌ಗಳಲ್ಲಿ ಬಣ್ಣ ತೊಳೆದಿಟ್ಟ ಹಾಗೆ ಕಾಣುತ್ತದೆ.

ಇದರ ಮೇಲೆ ಗೇಮ್‌ನೊಳಗೇ ಬೇರೆ ಸ್ಲೈಡರ್‌ಗಳಿವೆ: ಪೀಕ್ ಬ್ರೈಟ್‌ನೆಸ್ 1000, ಪೇಪರ್ ವೈಟ್ 200 ಅಂತ ತೋರಿಸುತ್ತಿದೆ. ಟಿವಿ, ಕನ್ಸೋಲ್, ಗೇಮ್, ಈ ಮೂರರಲ್ಲಿ ಯಾರ ಮಾತು ಕೇಳಬೇಕು? ಯಾವುದನ್ನು ಮೊದಲು ಮುಟ್ಟಬೇಕು?

ಕಪ್ಪುಬಿಳುಪು:

ಮೂರನ್ನೂ ಮುಟ್ಟಬೇಕು, ಆದರೆ ಆ ಕ್ರಮದಲ್ಲೇ: ಮೊದಲು ಟಿವಿ, ಆಮೇಲೆ ಕನ್ಸೋಲ್, ಕೊನೆಗೆ ಗೇಮ್. ನೀವು ಹೇಳಿದ ಲಕ್ಷಣಗಳಲ್ಲಿ ಹಳೆಯ ಗೇಮ್‌ಗಳದ್ದೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಮೂಲ ಒಂದೇ. ಬೆಳಕನ್ನು ಹೊಂದಿಸುವ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೆ.

ಕನ್ಸೋಲ್ ಟಿವಿಗೆ ಕಳಿಸುವ ಎಚ್‌ಡಿಆರ್10 ಸಿಗ್ನಲ್‌ನಲ್ಲಿ ಪ್ರತಿ ಅಂಕಿಗೂ ಇಂತಿಷ್ಟೇ ನಿಟ್ಸ್ ಎಂಬ ಖಚಿತ ಅರ್ಥ ಇದೆ. ಪಿಕ್ಯೂ ಎನ್ನುವ ಆ ಅಳತೆಪಟ್ಟಿ 10,000 ನಿಟ್ಸ್‌ವರೆಗೆ ಹೋಗುತ್ತದೆ. ಅದರಲ್ಲಿ 1000 ನಿಟ್ಸ್ ಬರುವುದು ಸುಮಾರು 75 ಪರ್ಸೆಂಟ್ ಎತ್ತರದಲ್ಲಿ. ಅಂದರೆ ಪಟ್ಟಿಯ ಮೇಲಿನ ಕಾಲುಭಾಗ, ಅದಕ್ಕಿಂತ ತುಸು ಹೆಚ್ಚೇ, ನಿಮ್ಮ 800 ನಿಟ್ಸ್ ಟಿವಿಯ ಶಕ್ತಿಗೆ ಮೀರಿದ್ದು. ಅಲ್ಲಿ ಬರುವ ಬೆಳಕನ್ನು ಅದು ಒಂದೋ ಕತ್ತರಿಸಬೇಕು, ಇಲ್ಲವೇ ಮಡಚಿ ಕೆಳಗೆ ತರಬೇಕು. ಟೋನ್ ಮ್ಯಾಪಿಂಗ್ ಅಂದರೆ ಈ ಮಡಚುವಿಕೆ.

ಸಿನಿಮಾದಲ್ಲಿ ಚಿತ್ರ ಮೊದಲೇ ಸಿದ್ಧವಾಗಿರುತ್ತದೆ, ಹಾಗಾಗಿ ಟಿವಿ ಮಡಚಲೇಬೇಕು. ಗೇಮ್ ಹಾಗಲ್ಲ. ಪ್ರತಿ ಫ್ರೇಮನ್ನೂ ಕನ್ಸೋಲ್ ಆಗಷ್ಟೇ ಬಿಡಿಸುತ್ತದೆ. ಟಿವಿಯ ಮಿತಿ 800 ಎಂದು ಅದಕ್ಕೆ ಗೊತ್ತಿದ್ದರೆ ಮೋಡದ ಅಂಚು, ನೀರಿನ ಮಿಂಚು, ಬೆಂಕಿಯ ಒಡಲು ಎಲ್ಲವನ್ನೂ 800ರೊಳಗೇ ಕೂರಿಸಿ ಕಳಿಸುತ್ತದೆ. ಆಗ ಟಿವಿ ಸುಮ್ಮನೆ ಬಂದದ್ದನ್ನು ಬಂದ ಹಾಗೆ ತೋರಿಸಿದರೆ ಸಾಕು. ಸೋನಿ ಮತ್ತು ಮೈಕ್ರೋಸಾಫ್ಟ್ 2018ರಲ್ಲಿ ಶುರುಮಾಡಿದ ಎಚ್‌ಜಿಐಜಿ ಗುಂಪಿನ ಮಾರ್ಗಸೂಚಿ ಹೇಳುವುದೂ ಇದನ್ನೇ. ಇದು ಡಾಲ್ಬಿ ವಿಷನ್ ಥರದ ಇನ್ನೊಂದು ಎಚ್‌ಡಿಆರ್ ನಮೂನೆ ಅಂತ ಹಲವರು ತಿಳಿದಿದ್ದಾರೆ, ಅಲ್ಲ. ಸಿಗ್ನಲ್ ಅದೇ ಎಚ್‌ಡಿಆರ್10. ಟಿವಿ ತನ್ನ ಮಡಚುವಿಕೆಯನ್ನು ಬಿಟ್ಟು, ತನ್ನ ಮಿತಿಗೆ ಬಂದೊಡನೆ ಕತ್ತರಿಸುತ್ತದೆ, ಅಷ್ಟೇ.

ಡೈನಾಮಿಕ್ ಟೋನ್ ಮ್ಯಾಪಿಂಗ್ ಆನ್ ಇದ್ದಾಗ ಟಿವಿ ಪ್ರತಿ ಫ್ರೇಮನ್ನೂ ನೋಡಿ ಬೆಳಕನ್ನು ತಾನೇ ಮರುಹಂಚುತ್ತದೆ. ಮೆನು ತೆರೆದಾಗ ಫ್ರೇಮಿನ ಒಟ್ಟು ಬೆಳಕು ಬದಲಾಗುತ್ತದೆ, ಅದಕ್ಕೆ ಹಿಂದಿನ ದೃಶ್ಯ ಏರಿಳಿಯುತ್ತದೆ. ಹೊಂದಾಣಿಕೆಯ ಪರದೆಯಲ್ಲಿ ಹಿನ್ನೆಲೆ ಬಲು ಎತ್ತರದ ಬೆಳಕಿನಲ್ಲಿರುತ್ತದೆ, ನೀವು ಒತ್ತಿದ ಹಾಗೆ ಗುರುತು ಅದರ ಹತ್ತಿರ ಏರುತ್ತದೆ. ಟಿವಿ 800ಕ್ಕೆ ಕತ್ತರಿಸುತ್ತಿದ್ದರೆ 800 ಮುಟ್ಟಿದ ಕೂಡಲೇ ಎರಡೂ ಒಂದೇ ಬಿಳುಪಾಗಿ ಗುರುತು ಕರಗಬೇಕು. ನಿಮ್ಮ ಟಿವಿ ಮೇಲಿನ ಭಾಗವನ್ನೂ ಮಡಚಿ ತೋರಿಸುತ್ತಿರುವುದರಿಂದ ಗುರುತು ಉಳಿದೇ ಇದೆ. ಕನ್ಸೋಲ್ 'ಈ ಟಿವಿಗೆ ಸಾವಿರಾರು ನಿಟ್ಸ್ ತಾಕತ್ತಿದೆ' ಎಂದು ನಂಬಿ ಅಷ್ಟನ್ನೂ ಕಳಿಸುತ್ತದೆ, ಟಿವಿ ಅದನ್ನು ಮತ್ತೆ ಹಿಂಡುತ್ತದೆ. ಮೋಡದ ಮಡಿಕೆಗಳು ಕಳೆದುಹೋಗುವುದು ಈ ಹಿಂಡುವಿಕೆಯಲ್ಲಿ.

ಈಗ ಮಾಡಬೇಕಾದ್ದು. ಟಿವಿಯಲ್ಲಿ ಕನ್ಸೋಲ್ ಇರುವ ಇನ್‌ಪುಟ್‌ಗೆ ಗೇಮ್ ಮೋಡನ್ನು ಕೈಯಾರೆ ಆರಿಸಿ. ಇದು ಮುಖ್ಯ. ಹೋಮ್ ಪರದೆಯಲ್ಲಿ ಟಿವಿ ಸಿನಿಮಾ ಮೋಡ್‌ನಲ್ಲಿದ್ದು, ಗೇಮ್ ಶುರುವಾದಾಗ ಎಎಲ್‌ಎಲ್‌ಎಂ (ಟಿವಿಯ ಮೋಡನ್ನು ತಾನಾಗಿ ಬದಲಿಸುವ ಸೌಲಭ್ಯ) ಅದನ್ನು ಗೇಮ್ ಮೋಡ್‌ಗೆ ಎಳೆದರೆ, ನೀವು ಹೊಂದಿಸಿದ್ದು ಒಂದು ಮೋಡ್‌ಗೆ, ಆಡುವುದು ಇನ್ನೊಂದರಲ್ಲಿ. ಎಚ್‌ಡಿಆರ್ ಸೆಟ್ಟಿಂಗ್‌ಗಳನ್ನು ಟಿವಿ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುತ್ತದೆ. ಅವು ಎಚ್‌ಡಿಆರ್ ಸಿಗ್ನಲ್ ಬರುತ್ತಿರುವಾಗ ಮಾತ್ರ ಸಿಗುತ್ತವೆ. ಹಾಗಾಗಿ 'ಅಡ್ಜಸ್ಟ್ ಎಚ್‌ಡಿಆರ್' ಪರದೆ ತೆರೆದು, ಟಿವಿ ಎಚ್‌ಡಿಆರ್‌ಗೆ ಹೊರಳಿದ್ದನ್ನು ನೋಡಿಕೊಂಡು, ಅಲ್ಲೇ ಟಿವಿಯ ಮೆನುಗೆ ಹೋಗಿ. ಎಲ್‌ಜಿ ಟಿವಿಗಳಲ್ಲಿ ಪಿಕ್ಚರ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಬ್ರೈಟ್‌ನೆಸ್ ಒಳಗೆ ಟೋನ್ ಮ್ಯಾಪಿಂಗ್ ಸಾಲಿನಲ್ಲಿ ಆನ್, ಆಫ್, ಎಚ್‌ಜಿಐಜಿ ಅಂತ ಮೂರಿರುತ್ತವೆ. 'ಆಫ್' ಅಂದರೆ ಮಡಚುವಿಕೆ ಪೂರ್ತಿ ನಿಂತಿತು ಅಂತಲ್ಲ, ಆಗಲೂ ಒಂದು ಸ್ಥಿರವಾದ ಬಾಗು ಉಳಿಯುತ್ತದೆ. ಎಚ್‌ಜಿಐಜಿಯನ್ನೇ ಆರಿಸಿ. ವಿದ್ಯುತ್ ಉಳಿತಾಯ, ಕೋಣೆಯ ಬೆಳಕು ನೋಡಿ ಹೊಳಪು ಬದಲಿಸುವ ಸೆನ್ಸರ್, ಡೈನಾಮಿಕ್ ಕಾಂಟ್ರಾಸ್ಟ್, ಎಲ್ಲವೂ ಆಫ್. ಓಎಲ್‌ಇಡಿ ಹೊಳಪು 100ರಲ್ಲಿರಲಿ.

ಆಮೇಲೆ ಕನ್ಸೋಲ್‌ಗೆ ಮರಳಿ. ಸೆಟ್ಟಿಂಗ್ಸ್, ಸ್ಕ್ರೀನ್ ಅಂಡ್ ವಿಡಿಯೋ, ವಿಡಿಯೋ ಔಟ್‌ಪುಟ್, ಅಡ್ಜಸ್ಟ್ ಎಚ್‌ಡಿಆರ್. ಪರದೆಯ ಮೇಲಿನ ಬರಹ 'ಗುರುತು ಅಷ್ಟಿಷ್ಟು ಕಾಣುವಂತಿರಲಿ' ಅನ್ನುತ್ತದೆ. ಅದನ್ನು ಬಿಟ್ಟು, ಪೂರ್ತಿ ಮಾಯವಾದ ಮೊದಲ ಹೆಜ್ಜೆಯಲ್ಲಿ ನಿಲ್ಲಿಸಿ. ಮೊದಲು ಕೆಲವು ಹೆಜ್ಜೆ ಕೆಳಗಿಳಿದು ಗುರುತನ್ನು ಚೆನ್ನಾಗಿ ಕಾಣಿಸಿಕೊಳ್ಳಿ. ಆಮೇಲೆ ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಒತ್ತಿಗೂ ಒಂದು ಕ್ಷಣ ನಿಂತು ನೋಡಿ. ಕೊನೆಯ ಎರಡು ಹೆಜ್ಜೆಗಳಲ್ಲಿ ಗುರುತಿನ ಒಳಭಾಗ ಮೊದಲೇ ಹೋಗಿ ಅಂಚಿನ ಗೆರೆ ಮಾತ್ರ ಉಳಿದ ಹಾಗೆ ಕಾಣುತ್ತದೆ. ಆ ಗೆರೆಯೂ ಹೋದಾಗ ನಿಲ್ಲಿಸಬೇಕು.

ಎರಡನೇ ಪರದೆ ತೆರೆಯ ತುಂಬ ಬಿಳುಪು ತುಂಬಿದಾಗಿನ ಮಿತಿಗೆ. ಓಎಲ್‌ಇಡಿಯಲ್ಲಿ ಇಡೀ ಪರದೆ ಬಿಳಿಯಾದಾಗ ಹೊಳಪು ತಾನಾಗಿ ಇಳಿಯುತ್ತದೆ, 800 ಇದ್ದದ್ದು 150ರ ಆಸುಪಾಸಿಗೂ ಬರಬಹುದು. ಆದರೆ ಆ ಇಳಿಕೆ ಆಗುವುದು ಕತ್ತರಿಸುವ ಹಂತ ಮುಗಿದ ಮೇಲೆ. ಹಾಗಾಗಿ ಎಚ್‌ಜಿಐಜಿಯಲ್ಲಿ ಗುರುತು ಮೊದಲ ಪರದೆಯಲ್ಲಿ ಎಲ್ಲಿ ಕರಗಿತೋ ಸಾಮಾನ್ಯವಾಗಿ ಇಲ್ಲೂ ಅಲ್ಲೇ ಕರಗುತ್ತದೆ. ಪರದೆ ಮಂಕಾಯಿತೆಂದು ಹೆದರಿ ಇನ್ನಷ್ಟು ಒತ್ತಬೇಡಿ, ಕಡಿಮೆಯೂ ಮಾಡಬೇಡಿ. ಮೂರನೇ ಪರದೆ ಕಪ್ಪಿನದು. ಓಎಲ್‌ಇಡಿಗೆ ಕೆಳಗಿನ ತುದಿಗೇ ಇಳಿಸಿಬಿಡಿ.

ಹಳೆಯ ಗೇಮ್‌ಗಳು ತೊಳೆದಂತೆ ಕಾಣುವುದಕ್ಕೆ ಕಾರಣ ಬೇರೆ. 'ಆಲ್ವೇಸ್ ಆನ್' ಇದ್ದರೆ ಎಸ್‌ಡಿಆರ್ (ಎಚ್‌ಡಿಆರ್ ಇಲ್ಲದ ಸಾಮಾನ್ಯ ಚಿತ್ರ) ಗೇಮನ್ನೂ ಕನ್ಸೋಲ್ ಎಚ್‌ಡಿಆರ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತದೆ. 'ಆನ್ ವೆನ್ ಸಪೋರ್ಟೆಡ್' ಮಾಡಿ. ಗೇಮ್ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಬರುತ್ತದೆ, ಅದು ಸಹಜ.

ತೆರೆಯಾಚೆ:

ಕಪ್ಪುಬಿಳುಪು ಅವರು ಹೇಳಿದ್ದರ ಮುಂದಿನ ಭಾಗ, ಗೇಮ್‌ನೊಳಗಿನ ಸ್ಲೈಡರ್‌ಗಳು.

ಕೆಲವು ಗೇಮ್‌ಗಳು ಕನ್ಸೋಲ್‌ನಲ್ಲಿ ಹೊಂದಿಸಿದ ಮೌಲ್ಯವನ್ನು ಓದಿಕೊಳ್ಳುತ್ತವೆ, ಕೆಲವು ಅದನ್ನು ಕೇಳುವುದೇ ಇಲ್ಲ. ಪತ್ತೆ ಹಚ್ಚುವ ದಾರಿ ಇದೆ. ಗೇಮ್‌ನ ಎಚ್‌ಡಿಆರ್ ಪುಟದಲ್ಲಿ 'ಡಿಫಾಲ್ಟ್‌ಗೆ ಮರಳಿಸು' ಒತ್ತಿ ಅಂಕಿ ಬರೆದುಕೊಳ್ಳಿ. ಗೇಮ್ ಪೂರ್ತಿ ಮುಚ್ಚಿ, ಕನ್ಸೋಲ್‌ನ ಹೊಂದಾಣಿಕೆಯನ್ನು ಬೇಕೆಂದೇ ಐದಾರು ಹೆಜ್ಜೆ ಇಳಿಸಿ, ಗೇಮ್ ತೆರೆದು ಮತ್ತೆ ಡಿಫಾಲ್ಟ್ ಒತ್ತಿ. ಅಂಕಿ ಬದಲಾದರೆ ಅದು ಓದುತ್ತಿದೆ. ಕನ್ಸೋಲ್‌ನದನ್ನು ಮೊದಲಿನಂತೆ ಮಾಡಿ, ಗೇಮ್‌ನ ಪೀಕ್ ಸ್ಲೈಡರನ್ನು ಡಿಫಾಲ್ಟ್‌ನಲ್ಲೇ ಬಿಡಿ. ಬದಲಾಗದಿದ್ದರೆ ಓದುತ್ತಿಲ್ಲ ಎಂದರ್ಥ, ಪೀಕನ್ನು ನೀವೇ 800ಕ್ಕೆ ತನ್ನಿ. 1000ದಲ್ಲೇ ಬಿಟ್ಟರೆ 800ರಿಂದ 1000ದವರೆಗಿನ ವಿವರವೆಲ್ಲ ಎಚ್‌ಜಿಐಜಿಯಲ್ಲಿ ಕತ್ತರಿಸಿ ಹೋಗುತ್ತದೆ.

ಪೇಪರ್ ವೈಟ್ ಅಂದರೆ ದೃಶ್ಯದಲ್ಲಿ ಬಿಳಿ ಕಾಗದ, ಸುಣ್ಣ ಬಳಿದ ಗೋಡೆ ಎಷ್ಟು ಬೆಳಗಬೇಕು ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. ಚಿತ್ರ ಮಂಕಾಗಿದೆ ಅನ್ನಿಸಿದಾಗ ಪೀಕ್ ಏರಿಸುತ್ತಾರೆ. ಏರಿಸಬೇಕಾದ್ದು ಪೇಪರ್ ವೈಟ್, ಅದನ್ನೂ ಲೆಕ್ಕ ಇಟ್ಟುಕೊಂಡು. ಪೀಕ್ 800, ಪೇಪರ್ ವೈಟ್ 200 ಇದ್ದರೆ ಬಿಳಿ ಗೋಡೆಗಿಂತ ನಾಲ್ಕು ಪಟ್ಟು ಹೊಳೆಯುವ ಜಾಗ ಸೂರ್ಯನಿಗೆ, ದೀಪಕ್ಕೆ ಸಿಗುತ್ತದೆ. ಪೇಪರ್ ವೈಟನ್ನು 400 ಮಾಡಿದರೆ ಎರಡೇ ಪಟ್ಟು. ಚಿತ್ರ ಒಟ್ಟಾರೆ ಬೆಳಗುತ್ತದೆ, ಆದರೆ ಗೋಡೆಗೂ ದೀಪಕ್ಕೂ ಅಂತರ ಉಳಿಯುವುದಿಲ್ಲ. ಎಚ್‌ಡಿಆರ್ ಹಾಕಿದ್ದೇ ಆ ಅಂತರಕ್ಕಾಗಿ. ಪ್ರಸಾರಕ್ಕೆ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೂಚಿಸುವ ಬಿಳಿಯ ಮಟ್ಟ 203 ನಿಟ್ಸ್. 200ರಿಂದ ಶುರುಮಾಡುವುದಕ್ಕೆ ಅದೂ ಒಂದು ಆಧಾರ. ಕತ್ತಲೆ ಕೋಣೆಯಲ್ಲಿ 130ರಿಂದ 160 ಹಿತ. ಹಗಲು ಬೆಳಕು ಬೀಳುವ ಕೋಣೆಗೆ 250ರವರೆಗೆ ಹೋಗಬಹುದು. 800 ನಿಟ್ಸ್ ಟಿವಿಯಲ್ಲಿ 300 ದಾಟಿಸುವುದು ಬೇಡ.

ಅಂಕಿಯೇ ಇಲ್ಲದೆ ಬರೀ 'ಎಚ್‌ಡಿಆರ್ ಬ್ರೈಟ್‌ನೆಸ್' ಅಂತ ಒಂದೇ ಸ್ಲೈಡರ್ ಇರುವ ಗೇಮ್‌ಗಳಲ್ಲಿ ಮೋಡ ಮತ್ತು ನೆರಳು ಎರಡೂ ಇರುವ ದೃಶ್ಯದಲ್ಲಿ ನಿಂತು ಹೊಂದಿಸಿ. ಮುಖ್ಯ ಮೆನುವಿನ ಕಪ್ಪು ಹಿನ್ನೆಲೆಯಲ್ಲಿ ಹೊಂದಿಸಿದ್ದು ಆಟದ ಬಯಲಿಗೆ ಬಂದಾಗ ಕೈಕೊಡುತ್ತದೆ.

ಮಿಂಚುಹುಳ:

ಎಚ್‌ಜಿಐಜಿ ಹಾಕಿದ ಮೇಲೆ ಗುರುತು ಎರಡೂ ಪರದೆಗಳಲ್ಲಿ ಒಂದೇ ಹೆಜ್ಜೆಗೆ ಮಾಯವಾಯಿತು. ಮೋಡದ ಪದರಗಳು ಬಿಡಿಬಿಡಿಯಾಗಿ ಕಾಣುತ್ತಿವೆ, ಮೆನು ತೆರೆದಾಗ ಬೆಳಕು ಕುಣಿಯುವುದೂ ನಿಂತಿದೆ. ಇಬ್ಬರಿಗೂ ವಂದನೆ.

ಉಳಿದದ್ದು ಎರಡು. ಒಟ್ಟು ಚಿತ್ರ ಮೊದಲಿಗಿಂತ ಮಂಕು, ಇದು ಸರಿಯೇ? ಇನ್ನೊಂದು, 120 ಹರ್ಟ್ಸ್ ಗೇಮ್‌ನಲ್ಲಿ ಆಗಾಗ ಪರದೆ ಅರೆಕ್ಷಣ ಪೂರ್ತಿ ಕಪ್ಪಾಗಿ ವಾಪಸ್ ಬರುತ್ತದೆ. 60 ಹರ್ಟ್ಸ್‌ನಲ್ಲಿ ಹಾಗಾಗುವುದಿಲ್ಲ.

ಕಪ್ಪುಬಿಳುಪು:

ಮಂಕಾದದ್ದು ಸರಿಯೇ. ಡೈನಾಮಿಕ್ ಟೋನ್ ಮ್ಯಾಪಿಂಗ್ ನಡುಮಟ್ಟದ ಬೆಳಕನ್ನು ಗೇಮ್ ಮಾಡಿದವರು ಇಟ್ಟದ್ದಕ್ಕಿಂತ ಮೇಲೆತ್ತಿ ತೋರಿಸುತ್ತಿತ್ತು, ಕಣ್ಣು ಅದಕ್ಕೆ ಒಗ್ಗಿಕೊಂಡಿದೆ. ಎರಡು ಮೂರು ದಿನ ಹಾಗೇ ಆಡಿ, ಆಮೇಲೂ ಸಾಲದಿದ್ದರೆ ಪೇಪರ್ ವೈಟನ್ನು 20 ನಿಟ್ಸ್‌ನಂತೆ ಏರಿಸಿ. ಟಿವಿಯ ಕಪ್ಪು ಮಟ್ಟದ 'ಬ್ರೈಟ್‌ನೆಸ್' ಸ್ಲೈಡರನ್ನು ಮಾತ್ರ 50ರಿಂದ ಕದಲಿಸಬೇಡಿ. ಅದನ್ನು ಏರಿಸಿದರೆ ಬೆಳಕು ಹೆಚ್ಚುವುದಿಲ್ಲ, ಕಪ್ಪು ಬೂದಿಯಾಗುತ್ತದೆ.

ತಂತಿಜಾಲ:

ಕಪ್ಪು ಮಿನುಗುವುದು ಚಿತ್ರದ ಸೆಟ್ಟಿಂಗಿನ ದೋಷವಲ್ಲ, ಕೇಬಲ್‌ನಲ್ಲಿ ಹರಿಯುವ ದತ್ತಾಂಶದ್ದು. ಲೆಕ್ಕ ನೋಡಿ. 4ಕೆ 60 ಹರ್ಟ್ಸ್, ಆರ್‌ಜಿಬಿ, 8 ಬಿಟ್ ಇದ್ದರೆ ಸೆಕೆಂಡಿಗೆ 17.82 ಗಿಗಾಬಿಟ್. ಎಚ್‌ಡಿಎಂಐ 2.0ದ ಮಿತಿ 18, ಅಲ್ಲಿಗೆ ಅದು ಭರ್ತಿ. ಅದೇ ಚಿತ್ರವನ್ನು ಎಚ್‌ಡಿಆರ್‌ಗೆ ಬೇಕಾದ 10 ಬಿಟ್‌ನಲ್ಲಿ ಕಳಿಸಲು 22ಕ್ಕೂ ಹೆಚ್ಚು ಬೇಕು. ಅದಕ್ಕೇ 2.0 ಪೋರ್ಟ್‌ನಲ್ಲಿ ಕನ್ಸೋಲ್ ಬಣ್ಣದ ಮಾಹಿತಿಯನ್ನು 4:2:2 ಅಥವಾ 4:2:0ಗೆ ಇಳಿಸಿ ಕಳಿಸುತ್ತದೆ. ಎಚ್‌ಡಿಆರ್ ಸಹಿತ 4ಕೆ 120 ಹರ್ಟ್ಸ್‌ಗೆ ಎಚ್‌ಡಿಎಂಐ 2.1 ಬೇಕೇ ಬೇಕು. ಪ್ಲೇಸ್ಟೇಷನ್ 5 ಅದರಲ್ಲಿ 32 ಗಿಗಾಬಿಟ್‌ವರೆಗೆ ಕಳಿಸುತ್ತದೆ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40ರವರೆಗೆ. 60ರಲ್ಲಿ ಸರಿಯಿದ್ದು 120ರಲ್ಲಿ ಮಾತ್ರ ಕಪ್ಪಾಗುತ್ತಿದ್ದರೆ ಕೇಬಲ್ ಆ ವೇಗಕ್ಕೆ ತಡೆಯುತ್ತಿಲ್ಲ ಎಂದೇ ಮೊದಲು ಎಣಿಸಬೇಕು.

ಕನ್ಸೋಲ್ ಜೊತೆ ಬಂದ ಕೇಬಲನ್ನೇ ಹಾಕಿ ನೋಡಿ. ಬೇರೆಯದು ಬೇಕಿದ್ದರೆ 48 ಗಿಗಾಬಿಟ್‌ನ 'ಅಲ್ಟ್ರಾ ಹೈ ಸ್ಪೀಡ್' ಪ್ರಮಾಣಪತ್ರದ ಚೀಟಿ ಇರುವಂಥದ್ದು, ಉದ್ದ ಎರಡು ಮೀಟರ್ ಒಳಗೆ. ನಡುವೆ ಆಡಿಯೋ ರಿಸೀವರ್ ಅಥವಾ ಸೌಂಡ್‌ಬಾರ್ ಇದ್ದರೆ ಅದನ್ನು ಬಿಟ್ಟು ಕನ್ಸೋಲನ್ನು ನೇರ ಟಿವಿಗೆ ಸಿಕ್ಕಿಸಿ, ಧ್ವನಿಯನ್ನು ಟಿವಿಯಿಂದ ಇಎಆರ್‌ಸಿ (ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೊರಗೆ ಕಳಿಸುವ ಸೌಲಭ್ಯ) ಮೂಲಕ ಕಳಿಸಿ. ಎಲ್ಲ ಪೋರ್ಟ್‌ಗಳೂ 2.1 ಇರುವುದಿಲ್ಲ, ಪೋರ್ಟಿನ ಪಕ್ಕ '4ಕೆ 120' ಎಂಬ ಮುದ್ರೆ ಇದೆಯೇ ನೋಡಿ. ಕೇಬಲ್ ಬದಲಿಸುವವರೆಗೆ ತಾತ್ಕಾಲಿಕ ಪರಿಹಾರ: ವಿಡಿಯೋ ಔಟ್‌ಪುಟ್ ಪುಟದಲ್ಲಿ '4ಕೆ ವಿಡಿಯೋ ಟ್ರಾನ್ಸ್‌ಫರ್ ರೇಟ್' ಆಟೋಮ್ಯಾಟಿಕ್‌ನಿಂದ -1, ಆಗದಿದ್ದರೆ -2 ಮಾಡಿ. ಬಣ್ಣದ ಸೂಕ್ಷ್ಮತೆ ಸ್ವಲ್ಪ ಇಳಿಯುತ್ತದೆ. ಕೆಂಪು ಸಣ್ಣ ಅಕ್ಷರಗಳ ಅಂಚಿನಲ್ಲಿ ಗೊತ್ತಾಗುತ್ತದೆ, ಓಡುವ ಚಿತ್ರದಲ್ಲಿ ಕಾಣುವುದಿಲ್ಲ.

ಇದೇ ಜಾಗದ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಟಿವಿ ಎಚ್‌ಡಿಆರ್‌ನದೇ ಆಗಿದ್ದರೂ ಕನ್ಸೋಲ್ 'ಬೆಂಬಲವಿಲ್ಲ' ಎಂದರೆ ಆ ಪೋರ್ಟಿನ ಪೂರ್ಣ ವೇಗ ಮುಚ್ಚಿರುತ್ತದೆ. ಎಲ್‌ಜಿಯಲ್ಲಿ ಅದರ ಹೆಸರು 'ಎಚ್‌ಡಿಎಂಐ ಡೀಪ್ ಕಲರ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್', ಅದರೊಳಗೆ 'ಎನ್‌ಹಾನ್ಸ್ಡ್'. ಪೋರ್ಟ್ ಪೋರ್ಟಿಗೂ ಬೇರೆ ಬೇರೆ ಆನ್ ಮಾಡಬೇಕು. ಆರ್‌ಜಿಬಿ ರೇಂಜ್ ಎರಡೂ ಕಡೆ ಆಟೋದಲ್ಲೇ ಇರಲಿ. ಕನ್ಸೋಲ್ 'ಫುಲ್' ಕಳಿಸಿ ಟಿವಿ 'ಲಿಮಿಟೆಡ್' ಎಂದುಕೊಂಡರೆ ನೆರಳೆಲ್ಲ ಮಸಿಯಾಗುತ್ತದೆ, ಅದಲುಬದಲಾದರೆ ಕಪ್ಪು ಬೂದಿಯಾಗುತ್ತದೆ. ಇದನ್ನು ಎಚ್‌ಡಿಆರ್ ದೋಷವೆಂದು ತಿಳಿದು ಸ್ಲೈಡರ್ ತಿರುಗಿಸುತ್ತಾ ಕೂತವರು ಬಹಳ.

ಹೊಂಬಿಸಿಲು:

ಇದೇ ದಾರದಲ್ಲಿ ಕೇಳಿಬಿಡುತ್ತೇನೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಲ್‌ಸಿಡಿ ಟಿವಿ. ಲೋಕಲ್ ಡಿಮ್ಮಿಂಗ್ (ಹಿಂಬದಿಯ ಬೆಳಕನ್ನು ಭಾಗಭಾಗವಾಗಿ ಇಳಿಸುವುದು) ಇದೆ, ಎಚ್‌ಜಿಐಜಿ ಎಂಬ ಆಯ್ಕೆ ಮೆನುವಿನಲ್ಲಿ ಎಲ್ಲೂ ಇಲ್ಲ. ಇಂಥದ್ದಕ್ಕೆ ಏನು ಮಾಡಬೇಕು? ಡಾಲ್ಬಿ ವಿಷನ್ ಆನ್ ಮಾಡುವುದು ಮೇಲೋ?

ತೆರೆಯಾಚೆ:

ಎಕ್ಸ್‌ಬಾಕ್ಸ್‌ನಲ್ಲಿ ದಾರಿ: ಸೆಟ್ಟಿಂಗ್ಸ್, ಜನರಲ್, ಟಿವಿ ಅಂಡ್ ಡಿಸ್‌ಪ್ಲೇ ಆಪ್ಷನ್ಸ್, 'ಕ್ಯಾಲಿಬ್ರೇಟ್ ಎಚ್‌ಡಿಆರ್ ಫಾರ್ ಗೇಮ್ಸ್'. ಇಲ್ಲಿ ಮೊದಲು ಬರುವುದು ಕಪ್ಪಿನ ಪರದೆ, ಬಿಳುಪಿನವು ಆಮೇಲೆ. ತತ್ವ ಒಂದೇ, ಗುರುತು ಮಾಯವಾಗುವ ಅಂಚಿಗೆ ನಿಲ್ಲಿಸುವುದು. ಎಲ್‌ಸಿಡಿಯಲ್ಲಿ ಕಪ್ಪಿನ ಪರದೆಯನ್ನು ತುದಿಗೆ ತಳ್ಳಬೇಡಿ, ಕೋಣೆ ಕತ್ತಲು ಮಾಡಿಕೊಂಡು ಕಣ್ಣಿಗೆ ಕಾಣುವಷ್ಟೇ ಹೊಂದಿಸಿ. ಲೋಕಲ್ ಡಿಮ್ಮಿಂಗನ್ನು 'ಹೈ' ಮಾಡುವುದು ಇದೆಲ್ಲಕ್ಕೂ ಮೊದಲು ಆಗಬೇಕು. ಅದನ್ನು ಬದಲಿಸಿದರೆ ಗರಿಷ್ಠ ಹೊಳಪೂ ಕಪ್ಪೂ ಎರಡೂ ಬದಲಾಗುತ್ತವೆ, ಹಿಂದೆ ಹೊಂದಿಸಿದ್ದು ವ್ಯರ್ಥ.

ಎಚ್‌ಜಿಐಜಿ ಇಲ್ಲದಿದ್ದರೂ ಹುಡುಕಿ ನೋಡಿ, ಅದೇ ಕೆಲಸದ ಸೆಟ್ಟಿಂಗ್ ಬೇರೆ ಹೆಸರಿನಲ್ಲಿರಬಹುದು. ಸೋನಿಯಲ್ಲಿ 'ಎಚ್‌ಡಿಆರ್ ಟೋನ್ ಮ್ಯಾಪಿಂಗ್' ಸಾಲಿನಲ್ಲಿ ಬ್ರೈಟ್‌ನೆಸ್ ಪ್ರಿಫರ್ಡ್, ಗ್ರೇಡೇಷನ್ ಪ್ರಿಫರ್ಡ್, ಆಫ್ ಅಂತ ಇರುತ್ತವೆ. ಪ್ಲೇಸ್ಟೇಷನ್ 5 ಜೊತೆಗೆ ಸೋನಿಯ ಬ್ರಾವಿಯಾ ಎಕ್ಸ್‌ಆರ್ ಟಿವಿ ಇದ್ದರೆ ಕನ್ಸೋಲ್ ಟಿವಿಯ ಮಾದರಿಯನ್ನು ಗುರುತಿಸಿ ಮೌಲ್ಯಗಳನ್ನು ತಾನೇ ಹಾಕಿಕೊಳ್ಳುತ್ತದೆ.

ಏನೂ ಸಿಗದಿದ್ದರೆ ರಾಜಿ ಮಾಡಿಕೊಳ್ಳಬೇಕು. ಡೈನಾಮಿಕ್ ಎಂಬ ಹೆಸರಿನದೆಲ್ಲ ಆಫ್ ಮಾಡಿ. ಉಳಿಯುವ ಸ್ಥಿರ ಬಾಗಿನಲ್ಲಿ ಗುರುತು ಥಟ್ಟನೆ ಮಾಯವಾಗುವುದಿಲ್ಲ, ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಕೊನೆಯವರೆಗೂ ಬೆನ್ನಟ್ಟಬೇಡಿ. ಹಾಗೆ ಮಾಡಿದರೆ 4000 ನಿಟ್ಸ್ ಹತ್ತಿರ ಹೋಗಿ ನಿಲ್ಲಬಹುದು, ಮೇಲೆ ಹೇಳಿದ ಎರಡೆರಡು ಬಾರಿ ಮಡಚುವ ತೊಂದರೆ ಮತ್ತೆ ಶುರು. ಪೀಕನ್ನು 1000ದ ಸುತ್ತ ಇಡಿ. ಬಾಗು 1000ವನ್ನು ಒಂದಿಷ್ಟು ಕೆಳಗಿಳಿಸಿ ತೋರಿಸುವುದರಿಂದ ಟಿವಿಯ ಗರಿಷ್ಠ ಹೊಳಪಿನಲ್ಲಿ ಸ್ವಲ್ಪ ಬಳಕೆಯಾಗದೆ ಉಳಿಯುತ್ತದೆ, ಆದರೆ ವಿವರ ಕೆಡುವುದಿಲ್ಲ. ಹೊಳಪು ತೀರಾ ಸಪ್ಪೆ ಅನ್ನಿಸಿದರೆ 1500ರವರೆಗೆ ಏರಿಸಿ, ಮೋಡ ಕಲಸಿಹೋಗಲು ಶುರುವಾದ ಕೂಡಲೇ ಹಿಂದಕ್ಕೆ ಬನ್ನಿ.

ಡಾಲ್ಬಿ ವಿಷನ್ ವಿಚಾರ. ಸೀರೀಸ್ ಕನ್ಸೋಲ್‌ಗಳಲ್ಲಿ ಗೇಮ್‌ಗೂ ಅದು ಸಿಗುತ್ತದೆ, ಪ್ಲೇಸ್ಟೇಷನ್ 5ರಲ್ಲಿ ಇಲ್ಲ. ಸ್ಯಾಮ್‌ಸಂಗ್ ಟಿವಿಗಳಲ್ಲೂ ಇಲ್ಲ. ಅದರಲ್ಲಿ ಟಿವಿ ತನ್ನ ಮಿತಿಯನ್ನು ಎಚ್‌ಡಿಎಂಐ ಮೂಲಕವೇ ಕನ್ಸೋಲ್‌ಗೆ ತಿಳಿಸುತ್ತದೆ, ಮಡಚುವ ಕೆಲಸ ಕನ್ಸೋಲ್‌ನಲ್ಲಿ ಆಗುತ್ತದೆ. ಎಚ್‌ಜಿಐಜಿ ಇಲ್ಲದ ಟಿವಿಗೆ ಇದು ಒಳ್ಳೆಯ ಹಾದಿಯೇ. ಆದರೆ ಎರಡನ್ನು ನೋಡಿಕೊಳ್ಳಿ: ಡಾಲ್ಬಿ ವಿಷನ್‌ಗೂ ಟಿವಿಯಲ್ಲಿ ಪ್ರತ್ಯೇಕ ಗೇಮ್ ಮೋಡ್ ಇರಬೇಕು, ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ತೆರೆಯ ಮೇಲೆ ಆಗುವುದಕ್ಕೂ ನಡುವಿನ ವಿಳಂಬ ಹೆಚ್ಚುತ್ತದೆ. ಮತ್ತೆ, 120 ಹರ್ಟ್ಸ್‌ನಲ್ಲಿ ಡಾಲ್ಬಿ ವಿಷನ್ ಒಪ್ಪುತ್ತದೆಯೇ ಎಂಬುದನ್ನು '4ಕೆ ಟಿವಿ ಡೀಟೇಲ್ಸ್' ಪುಟದಲ್ಲಿ ಹಸಿರು ಟಿಕ್ ನೋಡಿ ಖಚಿತಪಡಿಸಿಕೊಳ್ಳಿ.

ಎಕ್ಸ್‌ಬಾಕ್ಸ್‌ನ ಆಟೋ ಎಚ್‌ಡಿಆರ್ ಹಳೆಯ ಎಸ್‌ಡಿಆರ್ ಗೇಮ್‌ಗಳಿಗೆ ಹೊಳಪು ಸೇರಿಸುತ್ತದೆ, ಹಲವು ಗೇಮ್‌ಗಳಲ್ಲಿ ನಿಜಕ್ಕೂ ಚೆನ್ನಾಗಿದೆ. ಬಿಳಿ ಅಕ್ಷರಗಳು, ಆರೋಗ್ಯದ ಪಟ್ಟಿ, ನಕ್ಷೆಯ ಗುರುತುಗಳು ದೀಪದಂತೆ ಕಣ್ಣಿಗೆ ಹೊಡೆಯುವ ಗೇಮ್‌ಗಳಿಗೆ ಮಾತ್ರ ಅದನ್ನು ತೆಗೆಯಿರಿ: ಗೇಮ್‌ನ 'ಮ್ಯಾನೇಜ್' ಪುಟದಲ್ಲಿ 'ಕಂಪ್ಯಾಟಿಬಿಲಿಟಿ ಆಪ್ಷನ್ಸ್'. ಇಡೀ ಕನ್ಸೋಲ್‌ಗೆ ಆಫ್ ಮಾಡಬೇಕಿಲ್ಲ.

ಹೊಂಬಿಸಿಲು:

ಅರ್ಥವಾಯಿತು. ಟಿವಿಯ ಗರಿಷ್ಠ ಹೊಳಪು 350 ನಿಟ್ಸ್ ಅಷ್ಟೇ ಇದ್ದು ಲೋಕಲ್ ಡಿಮ್ಮಿಂಗ್ ಇಲ್ಲದ ಇನ್ನೊಂದು ಪರದೆಗೂ ಇದೇ ಕ್ರಮವೇ?

ಕಪ್ಪುಬಿಳುಪು:

ಅದರಲ್ಲಿ ಎಚ್‌ಡಿಆರ್ ಆಫ್ ಮಾಡಿಯೇ ಆಡಿ. ಪೇಪರ್ ವೈಟ್ 200 ಇಟ್ಟರೆ ಮೇಲೆ ಎರಡು ಪಟ್ಟು ಜಾಗವೂ ಉಳಿಯುವುದಿಲ್ಲ. ಡಿಮ್ಮಿಂಗ್ ಇಲ್ಲದ್ದರಿಂದ ಎಚ್‌ಡಿಆರ್‌ಗಾಗಿ ಬ್ಯಾಕ್‌ಲೈಟ್ ಪೂರ್ತಿ ಏರಿದಾಗ ರಾತ್ರಿಯ ದೃಶ್ಯಗಳ ಕಪ್ಪೆಲ್ಲ ಬೂದಿಯಾಗುತ್ತದೆ. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಮುದ್ರೆ ಇದ್ದರೆ ಸಿಗ್ನಲ್ ಒಪ್ಪುತ್ತದೆ ಎಂದಷ್ಟೇ ಅರ್ಥ. ಎಸ್‌ಡಿಆರ್‌ನಲ್ಲಿ ಬ್ಯಾಕ್‌ಲೈಟನ್ನು ಕೋಣೆಗೆ ತಕ್ಕಂತೆ ಇಳಿಸಿ, ಗಾಮಾ 2.2ಕ್ಕೆ ಇಡಿ, ಬಣ್ಣದ ತಾಪಮಾನ 'ವಾರ್ಮ್'. ನೆರಳಿನ ವಿವರ ಅಲ್ಲೇ ಚೆನ್ನಾಗಿ ಕಾಣುತ್ತದೆ.

ಮಿಂಚುಹುಳ:

ಕೇಬಲ್ ಬದಲಿಸಿದ ಮೇಲೆ ಟ್ರಾನ್ಸ್‌ಫರ್ ರೇಟ್ ಆಟೋಮ್ಯಾಟಿಕ್‌ನಲ್ಲೇ ಇದ್ದರೂ 120 ಹರ್ಟ್ಸ್‌ನಲ್ಲಿ ಪರದೆ ಕಪ್ಪಾಗುತ್ತಿಲ್ಲ. ಗೇಮ್ ಕನ್ಸೋಲ್‌ನ ಮೌಲ್ಯ ಓದುತ್ತಿಲ್ಲವೆಂದು ಡಿಫಾಲ್ಟ್ ಪರೀಕ್ಷೆಯಲ್ಲಿ ತಿಳಿಯಿತು, ಎರಡು ಸಲವೂ 1000ವೇ ಬಂತು. ಪೀಕ್ 800, ಪೇಪರ್ ವೈಟ್ 180ಕ್ಕೆ ನಿಲ್ಲಿಸಿದ್ದೇನೆ.